ಗಿಡಕ್ಕೆ ನೆರಳಿದೆ, ಬೆಳೆಗಾರನಿಗೆ?

ಕುಯ್ಲು ಮುಗಿದು ಕಣದಲ್ಲಿ ಕಾಫಿ ಒಣಗುತ್ತಿರುವ ದಿನಗಳಲ್ಲಿ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಬೆಳೆಗಾರರ ಮೊಬೈಲುಗಳಲ್ಲಿ ಮಧ್ಯಾಹ್ನದ ಮೇಲೆ ಒಂದೇ ಮಾತು ಓಡಾಡುತ್ತದೆ: ಲಂಡನ್ ಏರಿತೇ, ಇಳಿಯಿತೇ? ರೋಬಸ್ಟಾ ಕಾಫಿಯ ವಾಯಿದಾ ವ್ಯಾಪಾರ ನಡೆಯುವುದು ಲಂಡನ್ನಿನಲ್ಲಿ, ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ. ಅಲ್ಲಿನ ಪೇಟೆ ತೆರೆಯುವ ಹೊತ್ತಿಗೆ ಇಲ್ಲಿ ಊಟ ಮುಗಿದಿರುತ್ತದೆ. ವಿರಾಜಪೇಟೆಯ ವ್ಯಾಪಾರಿ ಮರುದಿನ ಯಾವ ದರ ಹೇಳಬೇಕೆಂಬುದು ಆ ಸಂಜೆಯೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ.

ಲೆಕ್ಕ ಕಷ್ಟದ್ದೇನಲ್ಲ. ಲಂಡನ್ನಿನಲ್ಲಿ ರೋಬಸ್ಟಾ ಟನ್ನಿಗೆ 4,000 ಡಾಲರ್ ಇದೆ, ಡಾಲರಿಗೆ 85 ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ಕಿಲೋ ಕ್ಲೀನ್ ಕಾಫಿಗೆ 340 ರೂಪಾಯಿ ಆಯಿತು. ಕೊಡಗಿನ ಬಹುಪಾಲು ಬೆಳೆಗಾರರು ಮಾರುವುದು ಸಿಪ್ಪೆ ಸಮೇತ ಒಣಗಿಸಿದ ಚೆರ್ರಿಯನ್ನು, 50 ಕಿಲೋ ಚೀಲದ ಲೆಕ್ಕದಲ್ಲಿ. ಸಿಪ್ಪೆ ತೆಗೆದ ಮೇಲೆ ಆ ಚೀಲದಲ್ಲಿ 26 ಕಿಲೋ ಕಾಫಿ ಸಿಕ್ಕರೆ ಅದರ ಔಟ್‌ಟರ್ನ್ 26. ಆ ಲೆಕ್ಕಕ್ಕೆ ಚೀಲದೊಳಗಿನ ಕಾಫಿಯ ಬೆಲೆ 8,840 ರೂಪಾಯಿ. ಕ್ಯೂರಿಂಗ್, ಸಾಗಣೆ, ವ್ಯಾಪಾರಿಯ ಪಾಲು ಎಲ್ಲ ಕಳೆದು ಉಳಿದದ್ದು ಬೆಳೆಗಾರನ ಕೈಗೆ. ಈಗ ಲಂಡನ್ ಕದಲದೆ ಡಾಲರ್ ಮಾತ್ರ 88ಕ್ಕೆ ಹೋಯಿತು ಅನ್ನಿ. ಅದೇ ಚೀಲ 9,152 ರೂಪಾಯಿಯದಾಗುತ್ತದೆ. ಗಿಡ ಅದೇ, ಮಳೆ ಅಷ್ಟೇ, ಕೂಲಿಯೂ ಅಷ್ಟೇ. ಚೀಲಕ್ಕೆ 312 ರೂಪಾಯಿ ಹೆಚ್ಚಿದ್ದು ತೋಟದ ಬೇಲಿಯಾಚೆ ನಡೆದ ಯಾವುದೋ ಸಂಗತಿಯಿಂದ. ಇಳಿಯುವಾಗಲೂ ಹೀಗೆಯೇ.

ಭಾರತದಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಟನ್ ಕಾಫಿ ಬೆಳೆಯುತ್ತದೆ. ಅದರಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ್ದು. ನಮ್ಮ ಲೆಕ್ಕಕ್ಕೆ ಇದು ದೊಡ್ಡದು. ಜಗತ್ತಿನ ಲೆಕ್ಕಕ್ಕೆ ನೂರರಲ್ಲಿ ಮೂರೋ ನಾಲ್ಕೋ ಪಾಲು. ಬೆಳೆದದ್ದರಲ್ಲಿ ಮೂರನೇ ಎರಡು ಭಾಗಕ್ಕೂ ಹೆಚ್ಚು ಹೊರದೇಶಕ್ಕೆ ಹೋಗುತ್ತದೆ. ಬೆಲೆ ಕಟ್ಟುವ ಶಕ್ತಿ ನಮಗಿಲ್ಲ, ಕಟ್ಟಿದ ಬೆಲೆಯನ್ನು ಒಪ್ಪಿಕೊಳ್ಳುವ ಅನಿವಾರ್ಯ ಮಾತ್ರ ಇದೆ. ಹಾಗಾದರೆ ಬೆಲೆ ಕಟ್ಟುವವರು ಯಾರು? ‘ಮಾರುಕಟ್ಟೆ’ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಕಾಫಿಯ ಕಳೆದ ಎಂಬತ್ತು ವರ್ಷಗಳ ಚರಿತ್ರೆ ನೋಡಿದರೆ ಬೆಲೆಯ ಹಿಂದೆ ಹವಾಮಾನದಷ್ಟೇ ದೊಡ್ಡದಾಗಿ ನಿಂತಿರುವುದು ದೇಶದೇಶಗಳ ನಡುವಿನ ಸ್ನೇಹ, ಹಗೆ ಮತ್ತು ಚೌಕಾಸಿ.

ನಮ್ಮ ಕಾಫಿ ಗಿಡ ಬಟಾಬಯಲಿನಲ್ಲಿ ಬೆಳೆಯುವುದಲ್ಲ. ಹಲಸು, ಅತ್ತಿ, ಸಿಲ್ವರ್ ಓಕ್ ಮರಗಳ ನೆರಳು ಅದಕ್ಕೆ ಬೇಕು. ಒಂದು ಕಾಲದಲ್ಲಿ ಬೆಳೆಗಾರನಿಗೂ ಹೀಗೆ ಮೂರು ನೆರಳಿದ್ದವು.

ಮೊದಲನೆಯದು ಕಾಫಿ ಬೋರ್ಡ್. ಎರಡನೇ ಮಹಾಯುದ್ಧ ಶುರುವಾಗಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋದಾಗ ಕಾಫಿ ಕೊಳ್ಳುವವರಿಲ್ಲದೆ ತೋಟಗಳು ಮುಳುಗುವ ಸ್ಥಿತಿಗೆ ಬಂದವು. ಆಗ 1942ರ ಕಾಯ್ದೆಯಡಿ ಬೋರ್ಡ್ ಕಾಫಿ ಮಾರಾಟವನ್ನು ತನ್ನ ಕೈಗೆ ತೆಗೆದುಕೊಂಡಿತು. ಬೆಳೆದವರೆಲ್ಲ ಬೆಳೆಯನ್ನು ಬೋರ್ಡಿನ ಪೂಲ್‌ಗೆ ಒಪ್ಪಿಸಬೇಕು. ಬೋರ್ಡ್ ಹರಾಜು ಹಾಕಿ ಹಣವನ್ನು ಕಂತುಕಂತಾಗಿ ಹಂಚಬೇಕು. ಯುದ್ಧಕಾಲಕ್ಕೆಂದು ಬಂದ ಈ ಏರ್ಪಾಟು ಅರ್ಧ ಶತಮಾನ ಉಳಿಯಿತು.

ಎರಡನೆಯದು 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದ. ಯಾವ ದೇಶ ಎಷ್ಟು ರಫ್ತು ಮಾಡಬೇಕೆಂದು ಕೋಟಾ ನಿಗದಿ ಮಾಡಿ, ಪೇಟೆಗೆ ಬರುವ ಕಾಫಿಯನ್ನು ಹಿಡಿತದಲ್ಲಿಟ್ಟು, ಬೆಲೆ ತೀರಾ ಬೀಳದಂತೆ ನೋಡಿಕೊಳ್ಳುವುದು ಅದರ ಉದ್ದೇಶ. ಕಾಫಿ ಕೊಳ್ಳುವ ದೇಶಗಳಲ್ಲಿ ಎಲ್ಲರಿಗಿಂತ ದೊಡ್ಡದಾದ ಅಮೆರಿಕ, ತಾನೇ ಹೆಚ್ಚು ಬೆಲೆ ಕೊಡಬೇಕಾದ ಇಂಥ ಒಪ್ಪಂದಕ್ಕೆ ಏಕೆ ಸಹಿ ಹಾಕಿತು? ಉತ್ತರ ಕ್ಯೂಬಾದಲ್ಲಿದೆ. 1959ರಲ್ಲಿ ಅಲ್ಲಿ ಕ್ರಾಂತಿಯಾಗಿತ್ತು. ಕಾಫಿ ಬೆಲೆ ನೆಲಕಚ್ಚಿದರೆ ಬ್ರೆಜಿಲ್, ಕೊಲಂಬಿಯಾ, ಮಧ್ಯ ಅಮೆರಿಕದ ಬಡ ರೈತರೂ ಕೆಂಪು ಬಾವುಟ ಹಿಡಿದಾರು ಎಂಬ ಭಯ ವಾಷಿಂಗ್ಟನ್ನಿಗಿತ್ತು. ಕಮ್ಯುನಿಸಮ್ಮನ್ನು ತಡೆಯಲು ಅಮೆರಿಕ ಕಟ್ಟಿದ ಗೋಡೆಯ ನೆರಳು ಮಡಿಕೇರಿಯ ತೋಟಗಳ ಮೇಲೂ ಬಿತ್ತು.

ಮೂರನೆಯದು ಸೋವಿಯತ್ ಒಕ್ಕೂಟ. 1953ರಿಂದ ಬೆಳೆದ ರೂಪಾಯಿ ವ್ಯಾಪಾರದಲ್ಲಿ ಡಾಲರಿನ ಗೊಡವೆ ಇರಲಿಲ್ಲ. ನಾವು ಚಹಾ, ಕಾಫಿ, ಗೋಡಂಬಿ, ಬಟ್ಟೆ ಕಳಿಸಿದೆವು. ಅವರು ಯಂತ್ರ, ತೈಲ, ಶಸ್ತ್ರಾಸ್ತ್ರ ಕಳಿಸಿದರು. ಸೋವಿಯತ್ತಿನವರು ಕಾಫಿ ಒಪ್ಪಂದದ ಸದಸ್ಯರಲ್ಲದ ಕಾರಣ ಕೋಟಾ ಮೀರಿದ ಕಾಫಿಯನ್ನೂ ಅಲ್ಲಿಗೆ ಮಾರಬಹುದಿತ್ತು. ಮಾಸ್ಕೋ ಕೊಳ್ಳುತ್ತದೆ ಎಂಬ ಧೈರ್ಯ ಎಷ್ಟೋ ವರ್ಷ ನಮ್ಮ ಕಾಫಿಯನ್ನು ಕಾಯಿತು.

ಈ ಮೂರೂ ಹೆಚ್ಚು ಕಡಿಮೆ ಒಟ್ಟಿಗೇ ಉರುಳಿದವು. ಶೀತಲ ಸಮರ ಮುಗಿಯುತ್ತ ಬಂದಂತೆ ಅಮೆರಿಕಕ್ಕೆ ಕಾಫಿ ಒಪ್ಪಂದದ ಮೇಲಿನ ಆಸಕ್ತಿಯೂ ತೀರಿತು. 1989ರ ಜುಲೈನಲ್ಲಿ ಕೋಟಾ ಪದ್ಧತಿ ಕುಸಿದುಬಿತ್ತು. ಅಲ್ಲಿಯವರೆಗೆ ಗೋದಾಮುಗಳಲ್ಲಿ ತಡೆದಿಟ್ಟಿದ್ದ ಕಾಫಿ ಒಮ್ಮೆಲೇ ಪೇಟೆಗೆ ನುಗ್ಗಿ, ಆ ವರ್ಷ ಮುಗಿಯುವುದರೊಳಗೆ ಬೆಲೆ ಅರ್ಧದ ಹತ್ತಿರಕ್ಕೆ ಇಳಿಯಿತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಅದೇ ವರ್ಷ ಭಾರತ ಆರ್ಥಿಕ ಉದಾರೀಕರಣದ ದಾರಿ ಹಿಡಿಯಿತು. 1992ರಿಂದ ಹಂತಹಂತವಾಗಿ ಸಡಿಲವಾದ ಪೂಲ್ ಪದ್ಧತಿ 1996ರ ಹೊತ್ತಿಗೆ ಪೂರ್ತಿ ಹೋಯಿತು.

ಹಳೆಯದೆಲ್ಲ ಚಿನ್ನವಾಗಿತ್ತೆಂದು ಹೇಳಬೇಕಾಗಿಲ್ಲ. ಪೂಲ್ ಕಾಲದ ಬೆಳೆಗಾರರನ್ನು ಕೇಳಿ ನೋಡಿ. ತಾವೇ ಬೆಳೆದ ಕಾಫಿಯನ್ನು ತಾವೇ ಮಾರುವಂತಿರಲಿಲ್ಲ, ಹಣ ಕಂತಿನಲ್ಲಿ ವರ್ಷಗಟ್ಟಲೆ ಎಳೆದಾಡುತ್ತ ಬರುತ್ತಿತ್ತು, ಒಳ್ಳೆಯ ಕಾಫಿಗೂ ಸಾಧಾರಣ ಕಾಫಿಗೂ ಹೆಚ್ಚಿನ ವ್ಯತ್ಯಾಸ ಸಿಗುತ್ತಿರಲಿಲ್ಲ. ಮುಕ್ತ ಮಾರಾಟ ಬೇಕೆಂದು ಹೋರಾಡಿದವರು ಅವರೇ. ಗೆದ್ದ ಕೂಡಲೇ ಅದೃಷ್ಟವೂ ಕೂಡಿಬಂತು: 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮಗಟ್ಟುವ ಚಳಿ ಬಿದ್ದು ಬೆಲೆ ಹಾರಿತು. ಮುಕ್ತ ಮಾರುಕಟ್ಟೆ ಎಂದರೆ ಏರುವ ಬೆಲೆ ಎಂದು ಹಲವರು ನಂಬಿದ್ದು ಆಗಲೇ. ಅದು ಇಳಿಯುವ ಬೆಲೆಯೂ ಹೌದೆಂದು ಗೊತ್ತಾಗಲು ಏಳು ವರ್ಷ ಸಾಕಾಯಿತು.

ಆ ಇಳಿತದ ಬೇರು ಇರುವುದು ಎಲ್ಲರೂ ಮರೆತಿರುವ ಒಂದು ಒಪ್ಪಂದದಲ್ಲಿ. 1975ರ ಜುಲೈನಲ್ಲಿ ಬ್ರೆಜಿಲ್‌ನ ಪರಾನಾ ಪ್ರಾಂತದ ಕಾಫಿ ತೋಟಗಳನ್ನು ಹಿಮ ಸುಟ್ಟುಹಾಕಿತು. ಮುಂದಿನ ಎರಡು ವರ್ಷದಲ್ಲಿ ಜಗತ್ತಿನ ಕಾಫಿ ಬೆಲೆ ಮುಗಿಲು ಮುಟ್ಟಿತು. ಇದರ ಏಟು ಜೋರಾಗಿ ತಾಕಿದ್ದು ಪೂರ್ವ ಜರ್ಮನಿಗೆ. ಡಾಲರ್ ಇಲ್ಲದ ಆ ಕಮ್ಯುನಿಸ್ಟ್ ಸರ್ಕಾರ 1977ರಲ್ಲಿ ಜನರಿಗೆ ಅರ್ಧ ಕಾಫಿ, ಅರ್ಧ ಚಿಕೋರಿ, ರೈ ಮುಂತಾದುವನ್ನು ಬೆರೆಸಿದ ಪುಡಿ ಕೊಟ್ಟಿತು. ಜನ ಸಿಡಿದರು. ಉಳಿದೆಲ್ಲ ಕೊರತೆಗಳನ್ನು ಸಹಿಸಿದವರು ಕಾಫಿಯ ವಿಷಯದಲ್ಲಿ ಸಹಿಸಲಿಲ್ಲ. ದಿಕ್ಕು ಕಾಣದ ಸರ್ಕಾರ ಮೊದಲು ಇಥಿಯೋಪಿಯಾಕ್ಕೆ ಶಸ್ತ್ರಾಸ್ತ್ರ ಕೊಟ್ಟು ಕಾಫಿ ತಂದಿತು; ಆಮೇಲೆ ಯುದ್ಧದಿಂದ ಆಗಷ್ಟೇ ಏಳುತ್ತಿದ್ದ ವಿಯೆಟ್ನಾಮಿನ ಕಡೆ ತಿರುಗಿತು. ಯಂತ್ರ, ನೀರಾವರಿ, ಮನೆ, ಆಸ್ಪತ್ರೆ, ಜಲವಿದ್ಯುತ್ ಕೇಂದ್ರ ಎಲ್ಲ ನಮ್ಮದು; ಮಧ್ಯ ವಿಯೆಟ್ನಾಮಿನ ಡಾಕ್ ಲಾಕ್ ಬೆಟ್ಟಗಳಲ್ಲಿ ಕಾಫಿ ಬೆಳೆದು 20 ವರ್ಷ ಅರ್ಧ ಫಸಲು ನಮಗೆ ಕೊಡಿ ಎಂಬುದು 1980ರ ದಶಕದ ಆ ಒಪ್ಪಂದ. ಗಿಡ ಬೆಳೆದು ಫಸಲು ಕೈಸೇರುವ ಹೊತ್ತಿಗೆ 1990 ಬಂದಿತ್ತು. ಆ ವರ್ಷ ಪೂರ್ವ ಜರ್ಮನಿ ಎಂಬ ದೇಶವೇ ಭೂಪಟದಿಂದ ಅಳಿಸಿಹೋಯಿತು. ಕಾಫಿ ಮಾತ್ರ ವಿಯೆಟ್ನಾಮಿನ ಬೆಟ್ಟಗಳಲ್ಲಿ ಉಳಿಯಿತು.

1986ರ ಸುಧಾರಣೆಗಳ ನಂತರ ವಿಯೆಟ್ನಾಂ ತನ್ನ ರೈತರಿಗೆ ಭೂಮಿ, ಸಾಲ ಕೊಟ್ಟು ಕಾಫಿ ನೆಡಿಸಿತ್ತು. ಕೋಟಾ ಇಲ್ಲ, ತಡೆಯುವವರಿಲ್ಲ. ತೊಂಬತ್ತರ ದಶಕ ಮುಗಿಯುವುದರೊಳಗೆ ಅದರ ಬೆಳೆ ಸುಮಾರು ಹತ್ತು ಪಟ್ಟು ಹೆಚ್ಚಿ, ಬ್ರೆಜಿಲ್ ಬಿಟ್ಟರೆ ಅದೇ ಎಂಬ ಸ್ಥಾನಕ್ಕೆ ಬಂತು. ಬೆಳೆದದ್ದೆಲ್ಲ ಬಹುಮಟ್ಟಿಗೆ ರೋಬಸ್ಟಾ, ಅಂದರೆ ಕೊಡಗಿನ ಬೆಳೆಯೇ. 2001ರಲ್ಲಿ ಅರೇಬಿಕಾ ನ್ಯೂಯಾರ್ಕಿನಲ್ಲಿ ಪೌಂಡಿಗೆ ಅರ್ಧ ಡಾಲರಿಗಿಂತ ಕೆಳಗಿಳಿಯಿತು. ರೋಬಸ್ಟಾ ಅದಕ್ಕಿಂತ ಎಷ್ಟೋ ಕೆಳಗೆ. ಕೊಡಗು, ಚಿಕ್ಕಮಗಳೂರುಗಳಲ್ಲಿ ಕುಯ್ಲಿನ ಕೂಲಿ ಹುಟ್ಟದೆ ಹಣ್ಣು ಗಿಡದಲ್ಲೇ ಉದುರಿದ್ದನ್ನು, ಬ್ಯಾಂಕ್ ಸಾಲ ಬೆಟ್ಟದಂತೆ ಬೆಳೆದದ್ದನ್ನು ಆಗಿನವರು ಮರೆತಿಲ್ಲ. ಅನೇಕರನ್ನು ಉಳಿಸಿದ್ದು ನೆರಳಿನ ಮರಕ್ಕೆ ಹಬ್ಬಿಸಿದ್ದ ಕಾಳುಮೆಣಸಿನ ಬಳ್ಳಿ.

ಈಗಿನ ಕಥೆ ಸುಖದ್ದು. ವಿಯೆಟ್ನಾಮಿನಲ್ಲಿ ಬರ, ಬ್ರೆಜಿಲ್‌ನಲ್ಲಿ ಮಳೆಯ ಅಭಾವ. 2024ರ ಸೆಪ್ಟೆಂಬರಿನಲ್ಲಿ ಲಂಡನ್ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. ಡಿಸೆಂಬರಿನಲ್ಲಿ ಅರೇಬಿಕಾ 1977ರ ದಾಖಲೆಯನ್ನು ಮುರಿಯಿತು. 2025ರ ಫೆಬ್ರುವರಿಯಲ್ಲಿ ಪೌಂಡಿಗೆ 4 ಡಾಲರ್ ಮೀರಿತು. ಕೊಡಗಿನಲ್ಲಿ ರೋಬಸ್ಟಾ ಚೆರ್ರಿ ಚೀಲಕ್ಕೆ 10,000 ರೂಪಾಯಿ ದಾಟಿದ್ದನ್ನು ಮೊದಲ ಸಲ ಕಂಡವರು, ಕೆಲವೇ ವರ್ಷಗಳ ಹಿಂದೆ ಅದರ ಮೂರನೇ ಒಂದು ಭಾಗಕ್ಕೆ ಮಾರಿದ್ದವರು. ಭಾರತದ ಕಾಫಿ ರಫ್ತು 2024–25ರಲ್ಲಿ ಸುಮಾರು 180 ಕೋಟಿ ಡಾಲರಿಗೆ ಏರಿತು. ಹೊಸ ಟ್ರಾಕ್ಟರು, ಹೊಸ ಪಲ್ಪರು, ತೀರಿದ ಸಾಲ. ಆದರೆ ಇದೇ ಹೊತ್ತಿನಲ್ಲಿ ಮೂರು ಘಟನೆಗಳು ಬೆಳೆಗಾರನ ನೆತ್ತಿಯ ಮೇಲೆ ಏನೂ ಇಲ್ಲವೆಂಬುದನ್ನು ತೋರಿಸಿಕೊಟ್ಟವು.

ಮೊದಲನೆಯದು ಕೆಂಪು ಸಮುದ್ರ. 2023ರ ನವೆಂಬರಿನಿಂದ ಯೆಮನ್‌ನ ಹೌತಿಗಳು ಹಡಗುಗಳ ಮೇಲೆ ದಾಳಿ ಶುರುಮಾಡಿದರು. ದೊಡ್ಡ ಹಡಗು ಕಂಪನಿಗಳು ಸೂಯೆಜ್ ಬಿಟ್ಟು ಆಫ್ರಿಕಾವನ್ನು ಸುತ್ತಿಕೊಂಡು ಯುರೋಪಿಗೆ ಹೋಗತೊಡಗಿದವು. ನಮ್ಮ ಕಾಫಿ ಹೆಚ್ಚಾಗಿ ಹೋಗುವುದು ಇಟಲಿ, ಜರ್ಮನಿ, ಬೆಲ್ಜಿಯಂಗಳಿಗೆ. ಪ್ರಯಾಣ ಹತ್ತು ಹದಿನೈದು ದಿನ ಹೆಚ್ಚಿತು, ಕಂಟೇನರ್ ಬಾಡಿಗೆ ಏರಿತು, ರಫ್ತುದಾರನ ಹಣ ಅಷ್ಟು ದಿನ ನೀರಿನ ಮೇಲೆ ಸಿಕ್ಕಿಬಿತ್ತು. ಬಡ್ಡಿಯ ಹೊರೆ ಕೊನೆಗೆ ಇಳಿಯುವುದು ಖರೀದಿ ದರದ ಮೇಲೆಯೇ.

ಇದರಲ್ಲಿ ಒಂದು ಚಮತ್ಕಾರವೂ ಇದೆ. ಮಂಗಳೂರಿನಲ್ಲಿ ತಯಾರಾಗುವ ‘ಮಾನ್ಸೂನ್ಡ್ ಮಲಬಾರ್’ ಕಾಫಿ ಹುಟ್ಟಿದ್ದೇ ಈ ಸುತ್ತುದಾರಿಯಿಂದ. ಹಾಯಿಹಡಗಿನ ಕಾಲದಲ್ಲಿ ನಮ್ಮ ಕಾಫಿ ಆಫ್ರಿಕಾ ಸುತ್ತಿ ಯುರೋಪು ಸೇರಲು ತಿಂಗಳುಗಟ್ಟಲೆ ಬೇಕಿತ್ತು. ಕಡಲ ತೇವ ಕುಡಿದು ಬೀಜ ಉಬ್ಬಿ, ಹಸಿರು ಬಣ್ಣ ಹೋಗಿ ಹೊಂಬಣ್ಣವಾಗಿ, ಹುಳಿ ಕಳೆದುಕೊಂಡು ತಲುಪುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಉಗಿಹಡಗು ಬಂತು. ಕಾಫಿ ಬೇಗ ಮುಟ್ಟತೊಡಗಿತು. ಹಳೆಯ ರುಚಿಗೆ ಒಗ್ಗಿದ್ದ ಉತ್ತರ ಯುರೋಪಿನ ಗಿರಾಕಿಗಳಿಗೆ ಹೊಸದು ಹಿಡಿಸಲಿಲ್ಲ. ಆಗ ಕರಾವಳಿಯ ವ್ಯಾಪಾರಿಗಳು ಮಳೆಗಾಲದಲ್ಲಿ ನಾಲ್ಕೂ ಕಡೆ ತೆರೆದ ಗೋದಾಮಿನಲ್ಲಿ ಬೀಜವನ್ನು ಹರಡಿ, ಆಗಾಗ ಗೋರಿ, ಮುಂಗಾರಿನ ಗಾಳಿಯ ತೇವ ಕುಡಿಸಿ ಅದೇ ರುಚಿಯನ್ನು ನೆಲದ ಮೇಲೇ ತಯಾರಿಸಿದರು. ದಾರಿ ಬದಲಾದಾಗ ಕೈಕಟ್ಟಿ ಕೂರದೆ ಸರಕನ್ನೇ ಬದಲಾಯಿಸಿಕೊಂಡ ಜನ ನಮ್ಮಲ್ಲೇ ಇದ್ದರು ಎನ್ನುವುದನ್ನು ನೆನಪಿಟ್ಟುಕೊಳ್ಳೋಣ.

ಎರಡನೆಯದು ಸುಂಕ. 2025ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಬ್ರೆಜಿಲ್‌ಗೆ ಪತ್ರ ಬರೆದು ಶೇ 50ರ ಸುಂಕ ಘೋಷಿಸಿದರು. ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು ಮಾಜಿ ಅಧ್ಯಕ್ಷ ಬೋಲ್ಸನಾರೊ ಮೇಲೆ ಅಲ್ಲಿನ ನ್ಯಾಯಾಲಯದಲ್ಲಿ ನಡೆಯುತ್ತಿದ್ದ ಮೊಕದ್ದಮೆ. ಕಾಫಿಗೂ ಆ ಮೊಕದ್ದಮೆಗೂ ಯಾವ ಸಂಬಂಧವೂ ಇಲ್ಲ. ಆದರೂ ಅಮೆರಿಕ ಕುಡಿಯುವ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬರುತ್ತಿದ್ದ ದಾರಿಗೆ ಅಡ್ಡಗೋಡೆ ಬಿತ್ತು, ಬೆಲೆಗಳು ಕುಣಿದವು. ತನ್ನದೇ ಜನರ ಲೋಟದ ಬೆಲೆ ಏರಿದ್ದು ಕಂಡು ನವೆಂಬರಿನಲ್ಲಿ ಅಮೆರಿಕ ಕಾಫಿಗೆ ವಿನಾಯಿತಿ ಕೊಟ್ಟಿತು. ನಾಲ್ಕು ತಿಂಗಳ ಈ ಆಟದಲ್ಲಿ ಎಲ್ಲಿಯ ಕಾಫಿ ಎಲ್ಲಿಗೆ ಹೋಗಬೇಕೆಂಬುದೇ ಅದಲುಬದಲಾಯಿತು. ಒಬ್ಬ ರಾಜಕಾರಣಿಯ ಮೊಕದ್ದಮೆ ಮತ್ತೊಂದು ಖಂಡದ ಬೆಳೆಗಾರನ ದರವನ್ನು ಅಲ್ಲಾಡಿಸುವ ಕಾಲ ಇದು.

ಮೂರನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ದೂರ ಹೋಗುವಂಥದ್ದು: ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ನಿಯಮ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಈ ಕಾನೂನಿನ ಪ್ರಕಾರ ಕಾಫಿ, ಕೋಕೊ, ರಬ್ಬರ್, ತಾಳೆ ಎಣ್ಣೆ, ಸೋಯಾ, ಜಾನುವಾರು, ಮರ ಈ ಏಳು ಸರಕುಗಳು ಮತ್ತು ಅವುಗಳಿಂದ ಮಾಡಿದ ಪದಾರ್ಥಗಳು ಯುರೋಪಿನಲ್ಲಿ ಮಾರಾಟವಾಗಬೇಕಾದರೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲ ಎಂದು ತೋರಿಸಬೇಕು. ಬೆಳೆದ ದೇಶದ ಕಾನೂನಿಗೆ ಅನುಸಾರವಾಗಿ ಬೆಳೆದದ್ದೆಂದೂ ತೋರಿಸಬೇಕು. ಬೆಳೆದ ಜಾಗದ ಅಕ್ಷಾಂಶ ರೇಖಾಂಶ ಬೇಕು. 4 ಹೆಕ್ಟೇರ್ ಮೀರಿದ ತೋಟವಾದರೆ ಸುತ್ತಲಿನ ಗಡಿಯ ನಕ್ಷೆಯೇ ಬೇಕು. ತಪ್ಪಿದ ಕಂಪನಿಗೆ ವಾರ್ಷಿಕ ವಹಿವಾಟಿನ ಶೇ 4ರವರೆಗೂ ಅದಕ್ಕಿಂತ ಹೆಚ್ಚಿಗೂ ದಂಡ ಬೀಳಬಹುದು. ಮೊದಲು 2024ರ ಕೊನೆಗೆ ಅನ್ವಯವಾಗಬೇಕಿದ್ದ ನಿಯಮ ಎರಡು ಸಲ ಮುಂದಕ್ಕೆ ಹೋಗಿ ಈಗ ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ 30 ಎಂದಾಗಿದೆ. ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಯಲ್ಲಿ ಇಟ್ಟಿದ್ದಾರೆ. ತಪಾಸಣೆ ಹಗುರವಾಗಬಹುದು, ಆದರೆ ಜಾಗದ ಲೆಕ್ಕ ಕೊಡುವುದು ತಪ್ಪುವುದಿಲ್ಲ.

ಕಾಡು ಉಳಿಯಲಿ ಎಂಬ ಉದ್ದೇಶಕ್ಕೆ ಯಾರೂ ಬೇಡ ಎನ್ನಲಾರರು. ನೆರಳಿನಲ್ಲಿ ಕಾಫಿ ಬೆಳೆಯುವ ನಮಗೆ ಇದು ಒಂದು ಲೆಕ್ಕದಲ್ಲಿ ಅನುಕೂಲವೇ. ತೊಡಕು ಇರುವುದು ಕಾಗದದಲ್ಲಿ. ನಮ್ಮ ಬೆಳೆಗಾರರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಮಂದಿ 10 ಹೆಕ್ಟೇರಿಗಿಂತ ಕಡಿಮೆ ಇರುವವರು. ಐದು ಎಕರೆಯ ಒಬ್ಬ ಬೆಳೆಗಾರನ ಪಹಣಿ ತೆಗೆಸಿ ನೋಡಿದರೆ ಅದರಲ್ಲಿ ಇನ್ನೂ ಅಜ್ಜನ ಹೆಸರು ಇರುತ್ತದೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡು ದಶಕಗಳಿಂದ ಕೃಷಿ ಮಾಡುತ್ತಿರುತ್ತಾರೆ, ಪೋಡಿ ಆಗಿರುವುದಿಲ್ಲ. ಕೊಡಗಿನ ಜಮ್ಮಾ ಹಿಡುವಳಿಯಲ್ಲಿ ಪಟ್ಟೆದಾರನ ಹೆಸರಿನ ಕೆಳಗೆ ಇಡೀ ಕುಟುಂಬದ ಹಕ್ಕು ಅಡಗಿರುತ್ತದೆ. ಊರಿನವರಿಗೆಲ್ಲ ಗೊತ್ತಿರುವ ಈ ಸತ್ಯವನ್ನು ಹ್ಯಾಂಬರ್ಗಿನ ಬಂದರಿನಲ್ಲಿ ಕಾಗದ ಪರಿಶೀಲಿಸುವವನಿಗೆ ಹೇಗೆ ಹೇಳುವುದು? ಇನ್ನು ಉಪಗ್ರಹದ ಕಣ್ಣು. ಮೇಲಿನಿಂದ ನೋಡಿದರೆ ಮರಗಳ ಕೆಳಗಿನ ಕಾಫಿ ತೋಟ ಕಾಡಿನಂತೆಯೇ ಕಾಣುತ್ತದೆ. ಹಾಗಿರುವಾಗ ಮಳೆಗಾಲಕ್ಕೆ ಮುಂಚೆ ಬೆಳಕಿಗಾಗಿ ಮಾಡಿಸುವ ಮರಗಸಿ, ಯಾರೋ ಕಾಡು ಬೋಳಿಸಿದರು ಎಂದು ಯಂತ್ರಕ್ಕೆ ತೋರುವ ಭಯ ಇದ್ದೇ ಇದೆ. ದೊಡ್ಡ ಎಸ್ಟೇಟುಗಳು ಇದಕ್ಕೆಲ್ಲ ಜನ ಇಟ್ಟುಕೊಳ್ಳಬಲ್ಲವು. ಸಣ್ಣವರಿಗೆ ಕಾಫಿ ಬೋರ್ಡಿನ ಆ್ಯಪ್, ನೋಂದಣಿ ಇವೇ ಆಸರೆ.

ಸುಂಕ ಕಣ್ಣಿಗೆ ಕಾಣುವ ಗೋಡೆ. ನಿಯಮ ಕಾಣದ ಗೋಡೆ. ಹಸಿ ಕಾಫಿ ಬೀಜಕ್ಕೆ ಐರೋಪ್ಯ ಒಕ್ಕೂಟ ಸುಂಕ ಹಾಕುವುದಿಲ್ಲ. ಹುರಿದು ಕಳಿಸಿದರೆ ಸಾಮಾನ್ಯವಾಗಿ ಶೇ 7.5, ಇನ್‌ಸ್ಟಂಟ್ ಮಾಡಿ ಕಳಿಸಿದರೆ ಶೇ 9. ಬೀಜ ಕೊಡಿ, ಹುರಿಯುವ ಲಾಭ ನಮಗಿರಲಿ ಎಂಬುದು ಇದರ ಒಳಮಾತು. ಒಂದು ಗಿಡವನ್ನೂ ಬೆಳೆಯದ ಜರ್ಮನಿ ಕಾಫಿ ರಫ್ತಿನಲ್ಲಿ ದೊಡ್ಡ ದೇಶವಾಗಿರುವುದು ಹೀಗೆ. ನಾವೂ ಸಾಧುಗಳೇನಲ್ಲ: ಹೊರಗಿನ ಕಾಫಿಗೆ ಸಾಮಾನ್ಯವಾಗಿ ಶೇ 100 ಆಮದು ಸುಂಕ ಇಟ್ಟುಕೊಂಡೇ, ರಫ್ತಿಗಾಗಿ ವಿಯೆಟ್ನಾಂ, ಆಫ್ರಿಕಾದ ಬೀಜ ತರಿಸಿ ಇನ್‌ಸ್ಟಂಟ್ ಮಾಡಿ ಕಳಿಸುವ ಕಾರ್ಖಾನೆಗಳಿಗೆ ದಾರಿ ಬಿಟ್ಟಿದ್ದೇವೆ. ಪ್ರತಿ ದೇಶವೂ ತನ್ನವರಿಗೆ ನೆರಳು, ಪರರಿಗೆ ಬಿಸಿಲು ಎಂದೇ ಲೆಕ್ಕ ಹಾಕುತ್ತದೆ. ಹಾಗಾಗಿ ವ್ಯಾಪಾರ ಒಪ್ಪಂದದ ಮೇಜಿನ ಮೇಲೆ ಕಾರು, ಔಷಧ, ಸಾಫ್ಟ್‌ವೇರ್ ಜತೆ ಕಾಫಿಯ ಫೈಲೂ ಇರುವಂತೆ ನೋಡಿಕೊಳ್ಳುವುದು ಕರ್ನಾಟಕದ ಸಂಸದರ ಕೆಲಸ.

ಪೂಲ್ ಪದ್ಧತಿ ಮತ್ತೆ ಬರುವುದಿಲ್ಲ, ಬರಲೂಬಾರದು. ಕೋಟಾ ಒಪ್ಪಂದವನ್ನು ಕಟ್ಟಿದ ಶೀತಲ ಸಮರವೂ ಇಲ್ಲ. ಹೊಸ ನೆರಳನ್ನು ನಾವೇ ನೆಡಬೇಕು. ಒಬ್ಬೊಬ್ಬರಾಗಿ ಆಗದ ಕಾಗದಪತ್ರದ ಕೆಲಸವನ್ನು ಸಹಕಾರ ಸಂಘವೋ ರೈತ ಉತ್ಪಾದಕ ಸಂಸ್ಥೆಯೋ ಊರಿಗೆ ಒಟ್ಟಾಗಿ ಮಾಡಿಸಬಹುದು. ಕಂದಾಯ ಇಲಾಖೆ ಪೋಡಿ, ಪೌತಿ ಖಾತೆಗಳನ್ನು ಕಾಫಿ ನಾಡಿನಲ್ಲಿ ಆದ್ಯತೆಯ ಮೇಲೆ ಮುಗಿಸಿಕೊಡಬಹುದು. ದರ ಬಿದ್ದ ವಾರವೇ ಮಾರಬೇಕಾದ ಒತ್ತಡ ತಪ್ಪಬೇಕಾದರೆ ಒಣ ಗೋದಾಮು ಮತ್ತು ಅದರಲ್ಲಿಟ್ಟ ಸರಕಿನ ಮೇಲೆ ಸಾಲ ಸಿಗಬೇಕು. ಒಂದೇ ಖಂಡದ ಗಿರಾಕಿಯನ್ನು ನೆಚ್ಚಿಕೊಂಡವರಿಗೆ ಏನಾಗುತ್ತದೆಂದು ಮಾಸ್ಕೋ ಒಮ್ಮೆ ಕಲಿಸಿದೆ. ಯುರೋಪಿನ ಜತೆಗೆ ಪಶ್ಚಿಮ ಏಷ್ಯಾ, ಪೂರ್ವ ಏಷ್ಯಾ, ಎಲ್ಲಕ್ಕಿಂತ ಮಿಗಿಲಾಗಿ ನಮ್ಮದೇ ದೇಶದ ಪೇಟೆ ಬೆಳೆಯಬೇಕು.

ಇದಕ್ಕೆಲ್ಲ ಸಮಯ ಹೆಚ್ಚಿಲ್ಲ. ಬೆಲೆ ಏರಿದ್ದು ನಮ್ಮ ಕಣ್ಣಿಗೆ ಮಾತ್ರ ಬಿದ್ದಿಲ್ಲ. ಬ್ರೆಜಿಲ್, ವಿಯೆಟ್ನಾಂ, ಉಗಾಂಡಾದ ರೈತರೂ ಅದನ್ನು ನೋಡಿಯೇ ಹೊಸ ಗಿಡ ನೆಡುತ್ತಾರೆ. ಕಾಫಿ ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ ಸಾಕು. 1994ರ ದರಕ್ಕೂ 2001ರ ದರಕ್ಕೂ ನಡುವೆ ಇದ್ದದ್ದು ಏಳು ವರ್ಷ. ಆ ಏಳು ವರ್ಷದಲ್ಲಿ ನಾವು ಮಾಡದೆ ಬಿಟ್ಟದ್ದನ್ನು ಈ ಸಲ ಕೈಯಲ್ಲಿ ಕಾಸಿರುವಾಗಲೇ ಮಾಡಿಕೊಂಡರೆ, ಮುಂದಿನ ಇಳಿತಕ್ಕೆ ತೋಟ ಮಾರಬೇಕಾಗಿ ಬರುವುದಿಲ್ಲ.